ಗೆರೆ, ಗೀಟು, ಗೀರು: ಅಚ್ಚುಕಲೆಯ ಅಭ್ಯಾಸಕ್ಕೆ ಯಾವುದು?

ಪ್ರಶ್ನೆ: ಮಡಿಕೇರಿಯಲ್ಲಿ ಅಚ್ಚುಕಲೆ (ಪ್ರಿಂಟ್‌ಮೇಕಿಂಗ್) ಕಲಿಯುವವರಿಗಾಗಿ ಸ್ಕೆಚ್‌ಬುಕ್ ಅಭ್ಯಾಸಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಒತ್ತಾಗಿ ಎಳೆದ ಗೆರೆಗಳಿಂದ ನೆರಳು ತೋರಿಸುವ ಹ್ಯಾಚಿಂಗ್‌ಗೆ ‘ಗೆರೆ ಹಾಕುವುದು’ ಸಾಕೆ, ‘ಗೀಟು’ ಸರಿಯೆ? ನೆಗೆಟಿವ್ ಸ್ಪೇಸ್‌ಗೆ, ಅಂದರೆ ಚಿತ್ರದ ವಸ್ತುವಿನ ಸುತ್ತ ಇರುವ ಜಾಗಕ್ಕೆ, ‘ಬಿಟ್ಟ ಜಾಗ’ ಎನ್ನಬಹುದೆ? ಉದಾಹರಣೆಗೆ ಕಾಫಿ ಎಲೆಯನ್ನು ಇಟ್ಟುಕೊಂಡಿದ್ದೇವೆ.

ಉತ್ತರ: ನಮಸ್ಕಾರ. ಹ್ಯಾಚಿಂಗ್‌ಗೆ ‘ಗೀಟು’ ಚೆನ್ನಾಗಿ ಹೊಂದುತ್ತದೆ. ‘ಗೆರೆ’ ತೀರಾ ಅಗಲವಾದ ಪದ; ಎಲೆಯ ಅಂಚು ಹಿಡಿದು ಸಾಗುವುದೂ ಗೆರೆ, ಅಂಗೈಯಲ್ಲಿರುವುದೂ ಗೆರೆ. ಗೀಟು ಒಂದೇ ಎಳೆತಕ್ಕೆ ಮುಗಿಯುವಂಥದ್ದು, ಒಂದರ ಪಕ್ಕ ಒಂದು ಹಾಕುತ್ತ ಹೋದರೆ ನೆರಳಾಗುತ್ತದೆ. ‘ಗೀರು’ ಇವೆರಡಕ್ಕಿಂತ ಬೇರೆ. ಮುಳ್ಳು ಗೀರುತ್ತದೆ, ಬೆಂಕಿಕಡ್ಡಿ ಗೀರುತ್ತೇವೆ. ಅಲ್ಲಿ ಮೇಲ್ಮೈಯೇ ತರಚಬೇಕು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ನೇರವಾಗಿ ಬರೆಯುವ ಡ್ರೈಪಾಯಿಂಟ್‌ಗೆ ಆ ಪದವನ್ನು ಮೀಸಲಿಡಿ.

ಗೀಟಿನ ಅಭ್ಯಾಸಕ್ಕೆ 2 ಸೆಂ.ಮೀ.ನ ಐದು ಚೌಕ, 0.5 ಮಿ.ಮೀ. ಪೆನ್ನು. ನಡುವಿನ ಅಂತರ ಮೊದಲ ಚೌಕದಲ್ಲಿ 4 ಮಿ.ಮೀ., ಆಮೇಲೆ 3, 2, 1.5, ಕೊನೆಗೆ 1. ಬೆರಳಿನಿಂದ ಉಜ್ಜಿ ಬೂದು ಮಾಡಲು ಬಿಡಬೇಡಿ. ಲೈನೋದಲ್ಲಿ (ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು ಅಚ್ಚೊತ್ತುವ ವಿಧಾನ) ಶಾಯಿ ಹತ್ತಿದ ಜಾಗ, ಹತ್ತದ ಜಾಗ ಎರಡೇ ಇರುವುದು. ನಡುವಣ ಛಾಯೆಯೆಲ್ಲ ಗೀಟಿನಿಂದಲೇ ಹುಟ್ಟಬೇಕು. ಎಚಿಂಗ್‌ನಲ್ಲಿ, ಅಂದರೆ ತಗಡಿನ ಮೇಲಿನ ಗೆರೆಗಳನ್ನು ಆಮ್ಲದಿಂದ ತಗ್ಗಾಗಿಸಿ, ಅವುಗಳಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ ಅಚ್ಚೊತ್ತುವ ವಿಧಾನದಲ್ಲಿ, ಗೀಟುಗಳನ್ನು ಅತಿಯಾಗಿ ಒತ್ತೊತ್ತಾಗಿ ಹಾಕಿದರೆ ಆಮ್ಲ ಪಕ್ಕಕ್ಕೂ ತಿಂದು ನಡುವಿನ ಗೋಡೆ ಬೀಳುತ್ತದೆ. ಕಡುಗಪ್ಪು ಬಯಸಿದ ಕಡೆ ಅಗಲವಾದ, ಆಳವಿಲ್ಲದ ತಗ್ಗು ಉಳಿಯುತ್ತದೆ; ಒರೆಸುವಾಗ ಅದರ ನಡುವಿನ ಶಾಯಿ ಬಟ್ಟೆಗೆ ಹೋಗಿ, ಅಚ್ಚಿನಲ್ಲಿ ಮಂಕು ಬೂದು ಬರುತ್ತದೆ.

‘ಬಿಟ್ಟ ಜಾಗ’ದ ಬಗ್ಗೆ ನನ್ನ ತಕರಾರು ಗಟ್ಟಿಯಾಗಿಯೇ ಇದೆ. ಚಿತ್ರದಲ್ಲಿ ಬಿಟ್ಟ ಜಾಗ ಎಂದರೆ ಬಿಳಿ. ಲೈನೋ, ಮರದಚ್ಚುಗಳಲ್ಲಿ ಉಳಿ ಮುಟ್ಟದೆ ಬಿಟ್ಟ ಜಾಗವೇ ಶಾಯಿ ಹಿಡಿದು ಕಪ್ಪಾಗುತ್ತದೆ. ‘ಎಲೆಯ ಸುತ್ತ ಜಾಗ ಬಿಡಿ’ ಎಂದು ಬರೆದಿರೋ, ಅರ್ಧ ತರಗತಿ ಅದನ್ನು ಕೊರೆಯುತ್ತದೆ, ಉಳಿದರ್ಧ ಹಾಗೇ ಉಳಿಸುತ್ತದೆ. ಎಚಿಂಗ್‌ಗೆ ಬಂದರೆ ಲೆಕ್ಕ ಮತ್ತೆ ತಿರುಗುಮುರುಗು, ಏಕೆಂದರೆ ಅಲ್ಲಿ ಶಾಯಿ ಕೂರುವುದು ತಗ್ಗಿನಲ್ಲಿ. ಹಾಗಾಗಿ ಸೂಚನೆಗಳಲ್ಲಿ ‘ಬಿಡು’ ಬೇಡವೇ ಬೇಡ. ಉಪಕರಣದ ಕೆಲಸಕ್ಕೆ ‘ತೆಗೆ’, ‘ಉಳಿಸು’. ಕಾಗದದ ಮೇಲಿನ ಫಲಕ್ಕೆ ‘ಕಪ್ಪು’, ‘ಬಿಳಿ’. ನೆಗೆಟಿವ್ ಸ್ಪೇಸ್‌ಗೆ ‘ಸುತ್ತಲ ಜಾಗ’ ಎಂದರೆ ಯಾರಿಗೂ ಗೊಂದಲವಿಲ್ಲ. ‘ನಕಾರಾತ್ಮಕ ಅವಕಾಶ’ ಎಂದು ಕೆಲವರು ಬರೆಯುತ್ತಾರೆ. ಅದನ್ನು ಓದಿ ಉಳಿ ಹಿಡಿಯುವವನಿಗೆ ಏನೂ ತಿಳಿಯದು.

ಕಾಫಿ ಎಲೆ ಒಳ್ಳೆಯ ಆಯ್ಕೆ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಅಂಚು ಅಲೆಅಲೆ, ನಾಳಗಳು ಸ್ಪಷ್ಟ. ಅದನ್ನು ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲ್‌ನಿಂದ ಬರೆಸಿ. ಆಗ ಪ್ರತಿ ಬಿಳಿ ಗೀಟೂ ‘ತೆಗೆ’ ಎಂಬ ಸೂಚನೆಯಾಗುತ್ತದೆ: ನಡುನಾಳಕ್ಕೆ ಅಗಲವಾದ U ಆಕಾರದ ಉಳಿ, ಕವಲುನಾಳಗಳಿಗೆ ಸಣ್ಣ V ಆಕಾರದ ಉಳಿ. ಬಿಳಿ ನಾಳಗಳ ನಡುವೆ ಕಪ್ಪು 1 ಮಿ.ಮೀ.ಗಿಂತ ಸಣ್ಣದಾದರೆ ಲೈನೋ ಅಲ್ಲಿ ಸುಲಭವಾಗಿ ಕಿತ್ತುಬರುತ್ತದೆ. ತಳ ಅಗಲ, ತುದಿ ಕಿರಿದು ಬರುವ ಹಾಗೆ ಇಳಿಜಾರಾಗಿ ಕೊರೆದರೆ ನಿಲ್ಲುತ್ತದೆ.

ಮಳೆಗಾಲದ ಮಾತೊಂದು ಸೇರಿಸಿ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಸ್ಕೆಚ್‌ಬುಕ್‌ನ ಹಾಳೆ ತೇವ ಹೀರಿ ಪೆನ್ನಿನ ಶಾಯಿ ಹರಡುತ್ತದೆ, 1 ಮಿ.ಮೀ. ಅಂತರದ ಚೌಕ ಪೂರ್ತಿ ಕಪ್ಪಾಗುತ್ತದೆ. ಅದು ವಿದ್ಯಾರ್ಥಿಯ ತಪ್ಪಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು, ಬರೆಯುವಾಗ ಮಾತ್ರ ತೆಗೆಯಲಿ.

ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದಕ್ಕೆ ‘ಕನ್ನಡಿ ಚಿತ್ರ’ ಎಂದೇ ಇರಲಿ. ಚಿತ್ರವನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಮಗುಚಿ ನೋಡಿ, ಆ ಕಡೆಯಿಂದಲೇ ಲೈನೋಗೆ ಇಳಿಸಬೇಕು. ಚಿತ್ರದಲ್ಲಿ ‘ಕೊಡಗು’ ಎಂದು ಬರೆಯುವುದಿದ್ದರೆ ಈ ಹೆಜ್ಜೆ ತಪ್ಪಿಸುವಂತಿಲ್ಲ.