ಸ್ಪ್ರೇ ಗನ್ ತೊಳೆಯಲು ಯಾವ ಥಿನ್ನರ್? ಹುಬ್ಬಳ್ಳಿಯ ಪಾಲಿಶ್ ಮಿಸ್ತ್ರಿಯನ್ನು ಕೇಳಿ

ಬೆಟಗೇರಿ: ಅಣ್ಣಾರ, ನಮಸ್ಕಾರ. ಪಿಯು (ಪಾಲಿಯುರಿಥೇನ್ ಪಾಲಿಶ್) ಹೊಡೆದ ಗನ್ನನ್ನು ಎನ್‌ಸಿ (ನೈಟ್ರೋಸೆಲ್ಯುಲೋಸ್ ಲ್ಯಾಕರ್) ಥಿನ್ನರ್‌ನಲ್ಲಿ ತೊಳೆಯಬಹುದಾ? ಪಿಯು ಥಿನ್ನರ್ ರೇಟ್ ಜಾಸ್ತಿ.

ಮಿಸ್ತ್ರಿ: ನಮಸ್ಕಾರ ರೀ. ಪಿಯು ಹಸಿ ಇರುವಾಗಲೇ ಆದರೆ ತೊಳೆಯಬಹುದು. ಕೊನೆಗೆ ಒಂದು ಸಲ ಪಿಯು ಥಿನ್ನರ್ ಹಾಯಿಸಿ. ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಒಳಗೆ ಉಳಿದರೆ ಮುಂದಿನ ಸಲ ಪಿಯು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಕೆಡುತ್ತದೆ. ಪಿಯು ತೆಳು ಮಾಡಲು ಮಾತ್ರ ಎನ್‌ಸಿ ಥಿನ್ನರ್ ಬೇಡವೇ ಬೇಡ.

ಕಲಘಟಗಿ: ತೊಟ್ಟಿಲಿಗೆ ಅರಗಿನ ಪಾಲಿಶ್ ಹೊಡೆದ ಗನ್‌ಗೆ?

ಮಿಸ್ತ್ರಿ: ಸ್ಪಿರಿಟ್. ಅರಗು ಕರಗಿಸಿದ್ದೂ ಅದರಲ್ಲೇ ಅಲ್ವಾ.

ರಾಣೆಬೆನ್ನೂರು: ಧೂಳು ಕೂರುತ್ತದೆ ಅಂತ ಶಟರ್ ಎಳೆದುಕೊಂಡು ಕೆಲಸ ಮಾಡುತ್ತೇವೆ. ಗನ್ ತೊಳೆಯಲು ಪೆಟ್ರೋಲ್. ತೊಳೆಯುವ ಹುಡುಗನಿಗೆ ವಾರದಿಂದ ತಲೆನೋವು, ನಿನ್ನೆ ವಾಂತಿ. ಬಟ್ಟೆ ಮಾಸ್ಕ್ ಹಾಕುತ್ತಾನೆ. ಬೆಲ್ಲ ತಿಂದರೆ ಸರಿಹೋಗುತ್ತದೆ ಅಂತ ಮೆಸೇಜ್ ಬಂದಿತ್ತು, ಕೊಡುತ್ತಿದ್ದೇವೆ.

ಮಿಸ್ತ್ರಿ: ಅಣ್ಣಾ, ಇವತ್ತೇ ಅವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪೆಟ್ರೋಲ್, ಥಿನ್ನರ್ ಆವಿ ಉಸಿರಾಡಿದ್ದಾನೆ ಅಂತ ಹೇಳಿ. ಬೆಲ್ಲಕ್ಕೆ ಇಳಿಯುವ ಕಾಯಿಲೆ ಅಲ್ಲ ಇದು. ಬಟ್ಟೆ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಇದ್ದಿಲು ತುಂಬಿದ ಕಾರ್ಟ್ರಿಜ್ ಮಾಸ್ಕ್ ಬೇಕು. ಪೆಟ್ರೋಲ್‌ನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುವಂಥದ್ದು.

ಇನ್ನೊಂದು ಮಾತು. ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಶಟರ್ ಹಾಕಿದ ಅಂಗಡಿಯಲ್ಲಿ ಕಂಪ್ರೆಸರ್ ಸ್ವಿಚ್ಚಿನ ಒಂದು ಕಿಡಿ ಸಾಕು. ಇಷ್ಟಾಗಿ ಎನ್‌ಸಿ ಪೆಟ್ರೋಲ್‌ನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಕೆಲಸ ಕಲಿಯುವಾಗ ಇಂಥದ್ದೇ ಕೋಣೆಯಲ್ಲಿ ನಾನೂ ತಲೆ ತಿರುಗಿ ಬಿದ್ದಿದ್ದೇನೆ. ಗನ್ ತೊಳೆಯುವುದು ಹೊರಗೆ, ಬಯಲಲ್ಲಿ. ಕಪ್‌ಗೆ ಸ್ವಲ್ಪ ಥಿನ್ನರ್ ಹಾಕಿ, ಅಲುಗಾಡಿಸಿ, ಡಬ್ಬಿಗೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಆಯಿತು. ಹುಡುಗ ಥಿನ್ನರ್‌ನಲ್ಲೇ ಕೈ ತೊಳೆಯುತ್ತಿದ್ದರೆ ಅದನ್ನೂ ಬಿಡಿಸಿ.

ಬ್ಯಾಡಗಿ: ಗ್ರೂಪಲ್ಲಿ ಬಂದದ್ದು: ಗನ್ನನ್ನು ರಾತ್ರಿಯಿಡೀ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿದರೆ ಹೊಸದಾಗುತ್ತದೆ.

ಮಿಸ್ತ್ರಿ: ಮೂರನೇ ಸಲ ಇದು! ಕಾಸ್ಟಿಕ್ ಅಲ್ಯೂಮಿನಿಯಂ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಯಾರೂ ಮಾಡಬೇಡಿ. ಥಿನ್ನರ್‌ನಲ್ಲೂ ಇಡೀ ಗನ್ ಮುಳುಗಿಸಬೇಡಿ, ಒಳಗಿನ ಪ್ಯಾಕಿಂಗ್ (ಸೋರದಂತೆ ತಡೆಯುವ ವಾಷರ್) ಹಾಳಾಗುತ್ತದೆ. ನಾಝಲ್, ಸೂಜಿ, ಏರ್ ಕ್ಯಾಪ್ ಬಿಚ್ಚಿ ನೆನೆಸಿ. ತೂತಿಗೆ ಪಿನ್ ಹಾಕಬೇಡಿ, ಹಲ್ಲುಕಡ್ಡಿ ಸಾಕು.

ಧಾರವಾಡ: ಇಷ್ಟೆಲ್ಲ ಯಾಕೆ? ಅಸಿಟೋನ್ ಒಂದೇ ಸಾಕು ಎಲ್ಲಕ್ಕೂ.

ಗದಗ: 56 ಡಿಗ್ರಿಗೇ ಕುದಿಯುವ ಮಾಲು ಅದು. ನಮ್ಮ ಬೇಸಿಗೆಯಲ್ಲಿ ತೊಳೆಯುವ ಮೊದಲೇ ಆರಿ ಹೋಗುತ್ತದೆ.

ಧಾರವಾಡ: 15 ವರ್ಷದಿಂದ ಬಳಸುತ್ತಿದ್ದೇನೆ.

ಗದಗ: 15 ವರ್ಷ ದುಡ್ಡು ಹಾರಿಸಿದ್ದೀರಿ ಹಾಗಾದರೆ.

ಧಾರವಾಡ: ಮಾತು ಸರಿ ಆಡಿ. ನಿಮ್ಮ ದುಡ್ಡು ಕೇಳಿದೆನಾ?

ಹಾವೇರಿ: ವಾಟರ್ ಬೇಸ್ ಹೊಡೆದ ಗನ್‌ಗೆ ಏನು ಹಾಕಬೇಕು ಸರ್?

ಗದಗ: ಕೇಳುವವರು ಕಲಿಯಲಿ ಅಂತ ಹೇಳಿದೆ, ಅಷ್ಟೇ.

ನವಲಗುಂದ: ಸರ್, ಪಿಯು ಗನ್ ಎನ್‌ಸಿ ಥಿನ್ನರ್‌ನಲ್ಲಿ ತೊಳೆಯಬಹುದಾ?

ಮಿಸ್ತ್ರಿ: ಮೇಲೆ ಓದಿ.

ಬ್ಯಾಡಗಿ: ನಾನು ಬರೀ ಫಾರ್ವರ್ಡ್ ಮಾಡಿದ್ದು, ಅದಕ್ಕೆ ಇಷ್ಟು ಸಿಟ್ಟಾ?

ಮಿಸ್ತ್ರಿ: ಹೌದು. ನಿಮ್ಮ ಮೆಸೇಜ್ ನಂಬಿ ಯಾರಾದರೂ ಕೈ ಸುಟ್ಟುಕೊಂಡರೆ ನೀವು ಬರುತ್ತೀರಾ?

ರಾಣೆಬೆನ್ನೂರು: ಆಸ್ಪತ್ರೆಯಲ್ಲಿದ್ದೇವೆ ಅಣ್ಣಾ. ಉಳಿದ ಪೆಟ್ರೋಲ್ ಗಟಾರಕ್ಕೆ ಚೆಲ್ಲಲಾ?

ಮಿಸ್ತ್ರಿ: ಗಟಾರಕ್ಕೆ ಬೇಡ. ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಹೊರಗೆ ನೆರಳಲ್ಲಿಡಿ. ಡಾಕ್ಟರ್ ಏನಂದರು ಅಂತ ಮೊದಲು ಹೇಳಿ.