ಪದಚರ್ಚೆ: ದೋಣಿಯ ‘ವೇಕ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಯಂತ್ರದೋಣಿ ನಡೆಸುವವರಿಗಾಗಿ ಸುರಕ್ಷತಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿರುವ ನಾನು ಎರಡು ದಿನಗಳಿಂದ ‘ವೇಕ್’ ಎಂಬ ಒಂದೇ ಪದದ ಮುಂದೆ ನಿಂತಿದ್ದೇನೆ. ದೋಣಿಯ ಹಿಂದೆ ಉಳಿಯುವ ನೊರೆಯ ಪಟ್ಟಿಯೂ, ಅದರ ಎರಡು ಬದಿಗೆ ಬಾಣದ ತುದಿಯಂತೆ ಹರಡುತ್ತಾ ದಡ ಮುಟ್ಟುವ ಅಲೆಗಳೂ ಈ ಪದದಲ್ಲಿ ಅಡಗಿವೆ. ಮಂಜುಗಡ್ಡೆಯ ನಡುವಿನ ಕಂಡಿಯನ್ನು ಹೇಳುತ್ತಿದ್ದ ಹಳೆಯ ನಾರ್ಸ್ ಪದವೇ ಇದರ ಮೂಲವೆಂದು ನಿಘಂಟುಗಳು ಹೇಳುತ್ತವೆ, ನಿದ್ದೆಯಿಂದ ಏಳುವ ‘ವೇಕ್’ ಬೇರೆಯದೇ ಪದ. ಆದರೂ ಕೈಪಿಡಿಯ ಹಳೆಯ ಕರಡಿನಲ್ಲಿ, ಇಲ್ಲಿ ಅಲೆ ಏಳದಂತೆ ಸಾಗಿ ಎಂದು ದೋಣಿಗಳಿಗೆ ಹೇಳುವ ‘ನೋ ವೇಕ್’ ಫಲಕ ‘ಎಚ್ಚರವಿಲ್ಲದ ವಲಯ’ವಾಗಿ ಕುಳಿತಿತ್ತು!

ಆ ಫಲಕಕ್ಕೆ ‘ನಿಧಾನವಾಗಿ ಚಲಿಸಿ’ ಎಂದರೆ ಸಾಲದೇ ಎಂದು ಮಿತ್ರರೊಬ್ಬರು ಕೇಳಿದರು. ಸಾಲದು. ನೀರಿನ ಮೇಲೆ ಜಾರುವಂತೆ ಓಡುತ್ತಿದ್ದ ದೋಣಿಯ ವೇಗವನ್ನು ಅರ್ಧಕ್ಕಷ್ಟೇ ಇಳಿಸಿದರೆ ಅದರ ಮೂತಿ ಮೇಲೆದ್ದು ಹಿಂಭಾಗ ನೀರಿಗೆ ಕುಸಿಯುತ್ತದೆ, ಆಗಲೇ ಅತ್ಯಂತ ದೊಡ್ಡ ಅಲೆ ಏಳುತ್ತದೆ. ಹೊನ್ನಾವರದ ಬಳಿ ಶರಾವತಿಯಲ್ಲಿ ನಾನು ಪಾತಿದೋಣಿಯೊಂದರಲ್ಲಿ ಕುಳಿತಿದ್ದಾಗ, ಪ್ರವಾಸಿಗರ ದೋಣಿಯೊಂದು ನಮ್ಮನ್ನು ಕಂಡು, ಬಹುಶಃ ಸೌಜನ್ಯದಿಂದಲೇ, ಹೀಗೆ ಅರೆಬರೆ ನಿಧಾನವಾಯಿತು. ಅದು ದಾಟಿ ಹೋಗಿ, ನಾವು ನಿರಾಳರಾದ ಮೇಲೆ ಅಲೆ ಬಂತು. ನೀರು ಎತ್ತಿ ಹಾಕುವ ಡಬ್ಬಿ ಕಾಲಬುಡದಿಂದ ಉರುಳಿತು. ಹುಟ್ಟು ಹಾಕುತ್ತಿದ್ದವರು ಮಾತನ್ನು ಅರ್ಧಕ್ಕೇ ಬಿಟ್ಟು ದೋಣಿಯ ಮೂತಿಯನ್ನು ಅಲೆಗೆ ಓರೆಯಾಗಿ ತಿರುಗಿಸದಿದ್ದರೆ, ಅದು ಪಕ್ಕದಿಂದಲೇ ನಮ್ಮ ಮೇಲೆ ನುಗ್ಗುತ್ತಿತ್ತು.

ಹಾಗಾಗಿ ಫಲಕಕ್ಕೆ ನಾಮಪದವೇ ಬೇಡ, ‘ಅಲೆ ಎಬ್ಬಿಸಬೇಡಿ’ ಎಂದರೆ ಸಾಕು ಎಂಬುದು ನನ್ನ ಅಭಿಪ್ರಾಯ. ತೊಡಕಿರುವುದು ‘ತನ್ನ ವೇಕ್‌ನಿಂದಾದ ಹಾನಿಗೆ ದೋಣಿ ನಡೆಸುವವನೇ ಹೊಣೆ’ ಎಂಬಂಥ ವಾಕ್ಯಗಳಲ್ಲಿ. ‘ಜಾಡು’ ಎಂದರೆ ಗುರುತು ಕಾಣುತ್ತದೆ, ಪೆಟ್ಟು ಕಾಣುವುದಿಲ್ಲ. ಹಿಂದಿನ ಅಲೆ ಎಂಬರ್ಥದಲ್ಲಿ ‘ಹಿನ್ನಲೆ’ ಎಂದು ಕಟ್ಟಿದರೆ ಓದುಗರು ಅದನ್ನು ‘ಹಿನ್ನೆಲೆ’ಯ ಅಚ್ಚಿನ ತಪ್ಪೆಂದು ತಿದ್ದಿಯಾರು. ‘ಹಿಂದೆರೆ’ ಸಂಧಿಗೆ ಸರಿ, ಕಿವಿಗೆ ಅಪರಿಚಿತ. ಸದ್ಯಕ್ಕೆ ‘ದೋಣಿಯಲೆ’ ಎಂದು ಬರೆದುಕೊಂಡಿದ್ದೇನೆ. ಅಲೆಯ ಒಡೆಯ ಯಾರೆಂಬುದು ಆ ಪದದಲ್ಲೇ ಇದೆ.

ಕರಾವಳಿಯ ಅಳಿವೆಗಳಲ್ಲಿ ಮೀನುಗಾರರು, ತಾರಿಯವರು ಇದಕ್ಕೆ ಬಳಸುವ ಮಾತು ಬಲ್ಲವರು, ಅದು ನೊರೆಯ ಪಟ್ಟಿಗೋ, ಬದಿಯ ಅಲೆಗೋ ಅಥವಾ ಎರಡಕ್ಕೂ ಸಲ್ಲುವುದೋ ಎಂಬುದರೊಂದಿಗೆ ದಯವಿಟ್ಟು ತಿಳಿಸಬೇಕು.