ಕಾಡಿನ ಜನರ ಕಥೆ ರೆಕಾರ್ಡ್ ಮಾಡುತ್ತಾ ಜೀವನ ಸಾಗುತ್ತಾ?

ಪೋಡುದಾರಿ: ಆರು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇನೆ. ಹೋದ ತಿಂಗಳು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡೊಂದಕ್ಕೆ, ಅಂದ್ರೆ ಅವರ ಪುಟ್ಟ ಊರಿಗೆ, ಹೋಗಿದ್ದೆ. ಒಲೆ ಮುಂದೆ ಕೂತು ಒಬ್ಬ ಅಜ್ಜಿ ಹೆಜ್ಜೇನು ಕೀಳುವ ಕಥೆ ಎಷ್ಟು ಚೆಂದ ಹೇಳುತ್ತಿದ್ದರು ಅಂದ್ರೆ, ನಾನು ಟ್ರೈಪಾಡ್ ಬಿಡಿಸಿದ್ದೇ ತಡ, ಸೆರಗು ಸರಿ ಮಾಡಿಕೊಂಡು "ಏನು ಹೇಳಬೇಕು ಸಾರ್?" ಅಂದರು. ಕಥೆ ಅಲ್ಲಿಗೆ ನಿಂತಿತು. ಇಂಥ ಕೆಲಸವನ್ನೇ ಜೀವನಪೂರ್ತಿ ಮಾಡಿದವರು ಯಾರಾದರೂ ಇದ್ದಾರಾ?

ಹಳೇಟೇಪು: ಕೆನಡಾದ ಅಲಾನಿಸ್ ಒಬಾಂಸಾವಿನ್ ಬಗ್ಗೆ ಓದಿ. ಅಬೆನಾಕಿ ಎಂಬ ಮೂಲನಿವಾಸಿ ಸಮುದಾಯದವರು, ಹುಟ್ಟಿದ್ದು 1932ರಲ್ಲಿ. ಮೊದಲು ಹಾಡು ಹೇಳುತ್ತಿದ್ದರು. 1967ರಲ್ಲಿ ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡ್ ಸಲಹೆ ಕೇಳಲು ಕರೆಯಿತು, ಅವರು ಅಲ್ಲೇ ಉಳಿದು 50ಕ್ಕೂ ಜಾಸ್ತಿ ಸಿನಿಮಾ ಮಾಡಿದರು. 1971ರ ಮೊದಲನೆಯದರಲ್ಲಿ ಇರುವುದು ವಸತಿ ಶಾಲೆಯಲ್ಲಿದ್ದ ಕ್ರೀ ಎಂಬ ಮೂಲನಿವಾಸಿ ಸಮುದಾಯದ ಮಕ್ಕಳು ಬರೆದ ಚಿತ್ರಗಳು, ಜೊತೆಗೆ ಆ ಮಕ್ಕಳದೇ ಮಾತು. ನಿಮ್ಮ ಅಜ್ಜಿಯ ವಿಷಯಕ್ಕೆ ಬಂದರೆ, ಒಬಾಂಸಾವಿನ್ ಮೊದಲು ಕ್ಯಾಮೆರಾ ತಂಡ ಕರೆದುಕೊಂಡು ಹೋಗುವುದೇ ಇಲ್ಲ. ಒಬ್ಬರೇ ಹೋಗಿ ಕೂತು ದನಿ ಮಾತ್ರ ರೆಕಾರ್ಡ್ ಮಾಡುತ್ತಾರೆ. ಕ್ಯಾಮೆರಾ ಆಮೇಲೆ.

ಮಳೆಮೈಕು: ಒಪ್ಪಿದೆ, ಆದರೆ ಒಂದು ವ್ಯತ್ಯಾಸ ಇದೆ. 1990ರಲ್ಲಿ ಕೆನಡಾದ ಓಕಾ ಊರಿನವರು ಗಾಲ್ಫ್ ಮೈದಾನ ದೊಡ್ಡದು ಮಾಡಲು ಮೊಹಾಕ್ ಎಂಬ ಮೂಲನಿವಾಸಿ ಜನರ ಪೈನ್ ತೋಪಿಗೆ ಕೈ ಹಾಕಿದರು, ಪಕ್ಕದಲ್ಲೇ ಅವರ ಹಿರಿಯರ ಸಮಾಧಿಗಳು. ಆ ಗಲಾಟೆ 78 ದಿನ ನಡೆಯಿತು, ಕೊನೆಗೆ ಸೈನ್ಯವೂ ಬಂತು. ಒಬಾಂಸಾವಿನ್ ಮೊಹಾಕರ ಜೊತೆ ಬೇಲಿಯ ಒಳಗೇ ಇದ್ದು ಚಿತ್ರ ತೆಗೆದರು. ಅವರೂ ಮೂಲನಿವಾಸಿ, ಒಳಗೆ ಬಿಟ್ಟುಕೊಂಡರು. ನೀವು, ನಾನು ಹೊರಗಿನವರು ಅಲ್ವಾ? ಇನ್ನು ದುಡ್ಡು. ಅವರ ಹಿಂದೆ ಸರ್ಕಾರದ ಬೋರ್ಡ್ ಇತ್ತು. ನಮ್ಮ ಹಿಂದೆ ಇರುವುದು ಮದುವೆ ಸೀಸನ್ನು. ಅದನ್ನು ಸುಮ್ನೆ ಬಿಡಬೇಡಿ.

ಹಳೇಟೇಪು: ಅದಕ್ಕೇ ಪೋಡಿನ ಹುಡುಗರಿಗೇ ರೆಕಾರ್ಡರ್ ಹಿಡಿಯಲು ಕಲಿಸಿ ಅನ್ನೋದು. ಅಜ್ಜಿ ಮೊಮ್ಮಗನಿಗೆ ಹೇಳುವ ಕಥೆಯೇ ಬೇರೆ, ನಿಮಗೆ ಹೇಳುವುದೇ ಬೇರೆ. ಪೂರ್ತಿ ರೆಕಾರ್ಡಿಂಗಿನ ಒಂದು ಕಾಪಿ ಪೋಡಿನಲ್ಲೇ ಇರಲಿ. ಯಾವ ಹಾಡು ಹೊರಗೆ ಹೋಗಬಾರದು ಅಂತ ಮೊದಲೇ ಕೇಳಿಕೊಳ್ಳಿ, ಎಡಿಟ್ ಆದ ಮೇಲೆ ಅಲ್ಲ.

ಪೋಡುದಾರಿ: ಇದು ನನಗೆ ಹೊಳೆದೇ ಇರಲಿಲ್ಲ. ದೀಪಾವಳಿ ಆದ ಮೇಲೆ ಮತ್ತೆ ಹೋಗುತ್ತೇನೆ, ಟ್ರೈಪಾಡ್ ಮನೆಯಲ್ಲೇ ಬಿಟ್ಟು.

ಮಳೆಮೈಕು: ಒಲೆಯಿಂದ ಸ್ವಲ್ಪ ದೂರ ಕೂರಿ. ಸೌದೆ ಚಟಪಟ ಅನ್ನುವುದು ಕಿವಿಗೆ ಹಿತ, ರೆಕಾರ್ಡಿಂಗಿನಲ್ಲಿ ಮಾತನ್ನೇ ನುಂಗುತ್ತದೆ.